ಕಾರವಾರದ ಹತ್ತಿರ ಸಣ್ಣ ದ್ವೀಪದಲ್ಲಿ ರಾತ್ರಿ ಉಳಿಯಬೇಕು, ಹಾಸ್ಟೆಲ್ ಥರದ್ದು ಸಿಗುತ್ತಾ?

ಶಿರಸಿ ಸಂಪಿಗೆ:

ಎಲ್ಲರಿಗೂ ನಮಸ್ಕಾರ. ನಾವು ಎಂಟು ಜನ, ಎಲ್ಲ ಹೆಂಗಸರೇ. ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಈಗ ಒಬ್ಬೊಬ್ಬರದು ಒಂದೊಂದು ಊರು. ಸಂಕ್ರಾಂತಿ ಕಳೆದ ಮೇಲೆ ಎಲ್ಲರೂ ಶಿರಸಿಯಲ್ಲಿ ಸೇರಿ, ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದು, ಒಂದು ಸಣ್ಣ ದ್ವೀಪದಲ್ಲಿ ಎರಡು ರಾತ್ರಿ ಇರಬೇಕು ಅಂತ ಆಸೆ.

ರೆಸಾರ್ಟ್ ಬೇಡ. ದೊಡ್ಡ ಕೋಣೆ, ಮೇಲೊಂದು ಕೆಳಗೊಂದು ಮಂಚ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಅಷ್ಟಿದ್ದರೆ ಸಾಕು. ಗೋಕರ್ಣದಲ್ಲಿ ಇಂಥ ಹಾಸ್ಟೆಲ್ ಬೇಕಾದಷ್ಟಿವೆ, ಆದರೆ ಅಲ್ಲಿ ವಾರದ ಕೊನೆಗೆ ಜನ ಜಾಸ್ತಿ. ನಮಗೆ ಸುತ್ತ ಕಡಲು ಬೇಕು, ರಾತ್ರಿ ಸದ್ದಿಲ್ಲದ ಜಾಗ ಬೇಕು.

ಯಾವ ದ್ವೀಪದಲ್ಲಿ ಉಳಿಯಬಹುದು? ಹೆಂಗಸರೇ ಹೋದರೆ ತೊಂದರೆ ಇಲ್ಲವಾ? ನಮ್ಮಲ್ಲಿ ಒಬ್ಬಳಿಗೆ ಬೋಟು ಹತ್ತಿದರೆ ತಲೆ ತಿರುಗಿ ವಾಂತಿ ಆಗುತ್ತದೆ, ಅದಕ್ಕೂ ಏನಾದರೂ ಉಪಾಯ ಇದ್ದರೆ ಹೇಳಿ.

ಕೋಡಿಬಾಗದ ಅಳಿವೆ:

ಅಕ್ಕಾ, ನಾನು ಕಾರವಾರದವನೇ. ಮನೆಯಲ್ಲಿ ಅಜ್ಜನ ಕಾಲದಿಂದ ಮೀನುಗಾರಿಕೆ. ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮ ಕಡಲಿನಲ್ಲಿ ದ್ವೀಪಗಳಿಗೆ ಬರ ಇಲ್ಲ, ರಾತ್ರಿ ಉಳಿಯಲು ಬಿಡುವ ದ್ವೀಪಗಳಿಗೆ ಮಾತ್ರ ಬರ. ಅಂಜುದೀವ್ ನೋಡಲು ಎಲ್ಲರಿಗೂ ಆಸೆ. ವಾಸ್ಕೋ ಡ ಗಾಮಾ 1498ರಲ್ಲಿ ಅಲ್ಲಿ ತಂಗಿದ್ದ. 1961ರ ಡಿಸೆಂಬರಿನಲ್ಲಿ ಅದನ್ನು ಪೋರ್ಚುಗೀಸರಿಂದ ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು. ಲೆಕ್ಕಕ್ಕೆ ಅದು ಗೋವಾಕ್ಕೆ ಸೇರಿದ್ದು, ಈಗ ನೌಕಾನೆಲೆಯ ಭಾಗ. ಸಾರ್ವಜನಿಕರಿಗೆ ಪ್ರವೇಶ ಇಲ್ಲ. ಯಾರಾದರೂ "ಕರೆದುಕೊಂಡು ಹೋಗುತ್ತೇನೆ" ಅಂದರೆ ನಂಬಬೇಡಿ.

ದೇವಗಡದಲ್ಲಿ ದೀಪಸ್ತಂಭ ಇದೆ, 1864ರದ್ದು. ಹಗಲು ಬೋಟಿನಿಂದ ನೋಡಿದರೇ ಚೆಂದ. ಅಲ್ಲಿ ಪ್ರವಾಸಿಗಳು ಮಲಗುವ ವ್ಯವಸ್ಥೆ ಇಲ್ಲ. ಮುರ್ಡೇಶ್ವರದಿಂದ ಹೋಗುವ ನೇತ್ರಾಣಿಗೆ ಜನ ಹೋಗುವುದು ಸ್ಕೂಬಾ ಡೈವಿಂಗಿಗೆ. ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ವಾಪಸ್. ದ್ವೀಪದ ಮೇಲೆ ಹರಕೆಗೆ ಬಿಟ್ಟ ಆಡುಗಳಿವೆ, ಮನುಷ್ಯರು ಉಳಿಯುವಂಥದ್ದು ಏನೂ ಇಲ್ಲ. ಹೊನ್ನಾವರದ ಎದುರಿನ ಬಸವರಾಜದುರ್ಗದಲ್ಲಿ ಕೆಳದಿ ಅರಸರ ಕಾಲದ ಕೋಟೆ ಇದೆ. ಅದೂ ಹಗಲಿಗೇ ಸರಿ.

ಇನ್ನು ಉಳಿದದ್ದು ಕೂರ್ಮಗಡ. ಮೇಲೆ ನರಸಿಂಹ ದೇವಸ್ಥಾನ ಇದೆ. ಹಿಂದೆ ಅಲ್ಲಿ ಕಾಟೇಜು, ಟೆಂಟು ಎಲ್ಲ ಹಾಕಿ ಪ್ರವಾಸಿಗಳನ್ನು ಇರಿಸಿಕೊಳ್ಳುತ್ತಿದ್ದರು. ನೀವು ಬರುವ ಹೊತ್ತಿಗೆ ನಡೆಯುತ್ತಿದೆಯಾ ಅಂತ ಮೊದಲು ಪಕ್ಕಾ ಮಾಡಿಕೊಳ್ಳಿ, ಹಳೆಯ ಫೋಟೋ ನೋಡಿ ದುಡ್ಡು ಹಾಕಬೇಡಿ. ಕಾಳಿ ನದಿಯ ಅಳಿವೆ ಬಾಯಿಯ ದೇವಬಾಗ ನಿಜವಾಗಿ ದ್ವೀಪ ಅಲ್ಲ, ಕಡಲಿಗೂ ನದಿಗೂ ನಡುವೆ ಚಾಚಿದ ಮರಳಿನ ನಾಲಿಗೆ. ಆದರೆ ಗಾಳಿಮರಗಳ ನಡುವೆ ಮಲಗಿದರೆ ದ್ವೀಪದಲ್ಲಿದ್ದ ಹಾಗೇ ಆಗುತ್ತದೆ.

ಒಂದು ಮಾತು. ನೀವು ಹೇಳುವ ಸಮಯಕ್ಕೇ ಪುಷ್ಯ ಹುಣ್ಣಿಮೆ ಬೀಳಬಹುದು. ಅವತ್ತು ಕೂರ್ಮಗಡದ ಜಾತ್ರೆ. ಮೀನುಗಾರರು ಬಾಳೆಗೊನೆ ಒಪ್ಪಿಸುತ್ತಾರೆ, ಸಾವಿರಾರು ಜನ ಬೋಟಿನಲ್ಲಿ ಹೋಗುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುವಾಗ ಒಂದು ಬೋಟು ಮಗುಚಿ 16 ಜನ ತೀರಿಕೊಂಡರು, ಮಕ್ಕಳೂ ಇದ್ದರು. ಆ ದಿನ ನಮ್ಮ ಓಣಿಯಲ್ಲಿ ಒಲೆ ಹೊತ್ತಿಸಿದವರಿಲ್ಲ. ಜಾತ್ರೆಗೆ ಬನ್ನಿ, ದೇವರ ದರ್ಶನ ಮಾಡಿ. ಆದರೆ ಲೈಫ್ ಜಾಕೆಟ್ ಕೊಡದ ಬೋಟು, ಜನ ತುಂಬಿದ ಮೇಲೂ "ಇನ್ನೆರಡು ಜನ ಬನ್ನಿ" ಅನ್ನುವ ಬೋಟು ಹತ್ತಲೇಬೇಡಿ. ದ್ವೀಪದಲ್ಲಿ ಸುಮ್ನೆ ಕೂತು ಬರುವ ಆಸೆ ಇದ್ದರೆ ಜಾತ್ರೆಯ ವಾರ ಬಿಟ್ಟು ಬನ್ನಿ.

ಅಘನಾಶಿನಿ ದಡ:

ಸಂಪಿಗೆಯವರೇ, ನಾನು ಕುಮಟಾದವಳು. ಹೆಂಗಸರೇ ಗುಂಪಾಗಿ ತುಂಬಾ ಕಡೆ ಹೋಗಿದ್ದೇವೆ, ಹಾಗಾಗಿ ಆ ಪ್ರಶ್ನೆಗೆ ನಾನು ಹೇಳುತ್ತೇನೆ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಇಷ್ಟು ಕೇಳಿ. ಹೆಂಗಸರ ಕೋಣೆ ಬೇರೆ ಇದೆಯಾ? ಚಿಲಕ ಒಳಗಿನಿಂದ ಹಾಕಬಹುದಾ? ಶೌಚಾಲಯ ಕೋಣೆಗೆ ತಾಗಿದೆಯಾ ಅಥವಾ ಕತ್ತಲಲ್ಲಿ ನಡೆದು ಹೋಗಬೇಕಾ? ರಾತ್ರಿ ಅಲ್ಲಿ ಕೆಲಸದವರು ಯಾರು ಇರುತ್ತಾರೆ, ಅವರಲ್ಲಿ ಒಬ್ಬ ಹೆಂಗಸಾದರೂ ಇದ್ದಾರಾ? ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಬೋಟು ದ್ವೀಪದಲ್ಲೇ ಕಟ್ಟಿರುತ್ತದಾ, ಇಲ್ಲ ದಡಕ್ಕೆ ಹೋಗಿರುತ್ತದಾ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಊರಿನ ಹಾಸ್ಟೆಲಿನಲ್ಲಾದರೆ ಹೊಟ್ಟೆನೋವು ಬಂದರೆ ಆಟೋ ಸಿಗುತ್ತದೆ. ದ್ವೀಪದಲ್ಲಿ ಬೋಟು ನಡೆಸುವವನು ಮನೆಗೆ ಹೋಗಿಬಿಟ್ಟಿದ್ದರೆ ಬೆಳಗಿನ ತನಕ ಯಾರೂ ಇಲ್ಲ.

ನಾವು ಹೋದ ಒಂದು ಜಾಗದಲ್ಲಿ, ಹೆಸರು ಬೇಡ, ಫೋನಿನಲ್ಲಿ ಎಲ್ಲದಕ್ಕೂ "ಇದೆ ಇದೆ" ಅಂದಿದ್ದರು. ಹೋಗಿ ನೋಡಿದರೆ ಸ್ನಾನಕ್ಕೆ ತಲೆಗೆ ಅರ್ಧ ಬಕೆಟ್ ನೀರು, ಅದೂ ಉಪ್ಪುಪ್ಪು. ರಾತ್ರಿ ಒಂಬತ್ತಕ್ಕೆ ಜನರೇಟರ್ ಬಂದ್. ಮೊದಲೇ ಹೇಳಿದ್ದರೆ ಹಾಗೇ ಸಿದ್ಧವಾಗಿ ಹೋಗುತ್ತಿದ್ದೆವು, ಬೇಜಾರು ಅದಕ್ಕೆ.

ವಾಂತಿಗೆ: ಬೆಳಗ್ಗಿನ ಬೋಟಿಗೇ ಹೋಗಿ. ಹಸಿದ ಹೊಟ್ಟೆಯಲ್ಲಿ ಬೇಡ, ಹೊಟ್ಟೆ ತುಂಬಾ ತಿಂದೂ ಬೇಡ. ಒಂದೆರಡು ಇಡ್ಲಿ, ಒಂದು ಚೂರು ಶುಂಠಿ ಬಾಯಲ್ಲಿ. ಮುಂಭಾಗದಲ್ಲಿ ಎತ್ತಾಟ ಜಾಸ್ತಿ, ನಡುವೆ ಕೂರಿಸಿ. ಮೊಬೈಲ್ ನೋಡಬಾರದು, ದೂರದ ಗುಡ್ಡವನ್ನೋ ಕಡಲಿನ ಅಂಚನ್ನೋ ನೋಡುತ್ತಿರಬೇಕು. ಮಾತ್ರೆ ಬೇಕಿದ್ದರೆ ಹತ್ತುವ ಮುಂಚೆಯೇ ತಗೊಳ್ಳಬೇಕು, ವಾಂತಿ ಶುರುವಾದ ಮೇಲೆ ಉಪಯೋಗ ಇಲ್ಲ. ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಕೋಡಿಬಾಗದ ಅಳಿವೆ:

ಬೆಳಗ್ಗಿನ ಬೋಟು ಅಂದದ್ದು ನೂರಕ್ಕೆ ನೂರು ಸರಿ. ಚಳಿಗಾಲದಲ್ಲಿ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ತಣ್ಣಗೆ ಬೀಸುತ್ತದೆ, ನೀರು ಸಪಾಟಾಗಿರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ವಾಯವ್ಯದಿಂದ ತಿರುಗುತ್ತದೆ. ಆಮೇಲೆ ಅಳಿವೆ ಬಾಯಲ್ಲಿ, ಅದರಲ್ಲೂ ಇಳಿತದ ಹೊತ್ತಿಗೆ, ನದಿಯ ನೀರೂ ಕಡಲ ಅಲೆಯೂ ಎದುರುಬದುರಾಗಿ ಕುದಿಯುತ್ತವೆ. ಅಲ್ಲಿ ಮರಳಿನ ದಿಬ್ಬವೂ ವರ್ಷ ವರ್ಷ ಜಾಗ ಬದಲಿಸುತ್ತದೆ. ಹಾಗಾಗಿ ವಾಪಸ್ ಬರುವ ದಿನವೂ ತಿಂಡಿ ಮುಗಿಸಿ ಹೊರಟುಬಿಡಿ. "ಸಂಜೆ ಸೂರ್ಯ ಮುಳುಗುವುದು ನೋಡಿಕೊಂಡು ಹೊರಡೋಣ" ಅನ್ನುವವರೇ ಜಾಸ್ತಿ. ನೋಡುವುದಾದರೆ ದ್ವೀಪದಲ್ಲಿ ಕೂತು ನೋಡಿ.

ಸಿದ್ದಾಪುರದಿಂದ ಗ್ಲಾಸ್ಗೋ:

ನಾನು ಹುಟ್ಟಿದ್ದು ಸಿದ್ದಾಪುರದ ಹತ್ತಿರ, ಈಗ ಇರುವುದು ಸ್ಕಾಟ್ಲೆಂಡಿನಲ್ಲಿ. ಪ್ರಶ್ನೆ ಕಾರವಾರದ್ದಾದರೂ ಸಣ್ಣ ದ್ವೀಪದ ಹಾಸ್ಟೆಲ್ ಹೇಗಿರುತ್ತದೆ ಅಂತ ಒಂದು ಅನುಭವ ಹೇಳಬೇಕು ಅನಿಸಿತು.

ಇಲ್ಲಿನ ಪಶ್ಚಿಮ ತೀರದಲ್ಲಿ ಐಗ್ ಅಂತ ಒಂದು ದ್ವೀಪ ಇದೆ. ಸುಮಾರು 9 ಕಿ.ಮೀ. ಉದ್ದ, 5 ಕಿ.ಮೀ. ಅಗಲ. ಇಡೀ ದ್ವೀಪದಲ್ಲಿ ನೂರರ ಆಸುಪಾಸು ಜನ. ಮ್ಯಾಲೇಗ್ ಅನ್ನುವ ಬಂದರಿನಿಂದ ಫೆರಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು. ಪ್ರವಾಸಿಗಳ ಕಾರಿಗೆ ಅವಕಾಶ ಇಲ್ಲ. ಮೊದಲು ಆ ದ್ವೀಪಕ್ಕೆ ಒಬ್ಬ ಒಡೆಯ ಇರುತ್ತಿದ್ದ, ಅವನು ಮಾರಿದರೆ ಇನ್ನೊಬ್ಬ. ಜನ ಬೇಸತ್ತು ದುಡ್ಡು ಕೂಡಿಸಿ 1997ರಲ್ಲಿ ತಮ್ಮ ದ್ವೀಪವನ್ನು ತಾವೇ ಕೊಂಡುಕೊಂಡರು. ದೇಶದ ಕರೆಂಟಿನ ತಂತಿ ಅಲ್ಲಿಗೆ ಹೋಗಿಲ್ಲ. 2008ರಲ್ಲಿ ನೀರು, ಗಾಳಿ, ಬಿಸಿಲು ಮೂರರಿಂದಲೂ ಕರೆಂಟು ಮಾಡಿ ಇಡೀ ದ್ವೀಪಕ್ಕೆ ತಂತಿ ಎಳೆದರು.

ಆ ಕರೆಂಟಿಗೆ ಒಂದು ಕಟ್ಟಳೆ ಇದೆ. ಒಂದು ಮನೆ ಒಂದು ಹೊತ್ತಿಗೆ 5 ಕಿಲೋವಾಟಿಗಿಂತ ಹೆಚ್ಚು ಎಳೆಯಬಾರದು, ಅಂಗಡಿ ಹೋಟೆಲಿನಂಥ ವ್ಯಾಪಾರಕ್ಕೆ 10. ಎಷ್ಟೇ ದುಡ್ಡಿದ್ದರೂ ಅಷ್ಟೇ. ನಾನು ಉಳಿದ ಹಾಸ್ಟೆಲಿನ ಅಡುಗೆಮನೆ ಈಗಲೂ ಕಣ್ಣ ಮುಂದೆ ಇದೆ. ಉದ್ದ ಮರದ ಮೇಜು, ಕಿಟಕಿಯ ಹೊರಗೆ ಕಡಲು, ಗೋಡೆಗೆ ಒರಗಿಸಿಟ್ಟ ಒದ್ದೆ ಬೂಟುಗಳು. ಒಬ್ಬ ಹುಡುಗ ಚಹಾಕ್ಕೆ ಎಲೆಕ್ಟ್ರಿಕ್ ಕೆಟಲ್ ಹಾಕಿದ್ದ, ಇನ್ನೊಬ್ಬಳು ಬಂದು ಎರಡನೆಯದರ ಸ್ವಿಚ್ಚಿಗೆ ಕೈ ಹಾಕಿದಳು. ಆಗ ಒಲೆಯ ಹತ್ತಿರ ಕೂತಿದ್ದ ಹೆಂಗಸು ಮೆಲ್ಲಗೆ "ಅದು ಕುದಿಯಲಿ, ಆಮೇಲೆ ಇದು" ಅಂದರು. ಇಲ್ಲಿನ ಒಂದು ಕೆಟಲ್ಲೇ ಹತ್ತಿರ ಹತ್ತಿರ 3 ಕಿಲೋವಾಟ್ ತಿನ್ನುತ್ತದೆ. ಹುಡುಗಿ ಕಾದಳು. ಕಾಯುವಾಗ ಮಾತು ಶುರುವಾಯಿತು. ರಾತ್ರಿ ಹೊತ್ತಿಗೆ ಎಲ್ಲರ ಅಕ್ಕಿ, ಬೇಳೆ, ಆಲೂಗಡ್ಡೆ ಒಂದೇ ಪಾತ್ರೆಗೆ ಬಿದ್ದವು, ನಾನು ಒಯ್ದಿದ್ದ ಸಾರಿನ ಪುಡಿಯೂ.

ಇದನ್ನು ಯಾಕೆ ಹೇಳಿದೆ ಅಂದರೆ, ಅಲ್ಲಿ ಕಮ್ಮಿ ಇರುವುದನ್ನು ಯಾರೂ ಮುಚ್ಚಿಡುವುದಿಲ್ಲ. ಕರೆಂಟು ಇಷ್ಟೇ, ಅಂಗಡಿ ಒಂದೇ, ಗಾಳಿ ಎದ್ದರೆ ಫೆರಿ ಬರುವುದಿಲ್ಲ, ನಿಮ್ಮ ಕಸ ನಿಮ್ಮ ಜೊತೆ ವಾಪಸ್. ಮೊದಲೇ ಗೊತ್ತಿದ್ದರೆ ಬಂದವರೂ ಹಾಗೇ ನಡೆದುಕೊಳ್ಳುತ್ತಾರೆ. ನಮ್ಮ ಕಡೆ ಇಂಥ ಹಾಸ್ಟೆಲ್ ಆಗಬೇಕು ಅಂತ ನನಗೆ ತುಂಬಾ ಆಸೆ.

ಅಂಕೋಲಾ ಮಾವಿನಮರ:

ಹಾಗಾದರೆ ಕೂರ್ಮಗಡದಲ್ಲಿ ಒಂದು ಒಳ್ಳೆ ಹಾಸ್ಟೆಲ್ ಕಟ್ಟಿದರೆ ಆಯಿತಲ್ಲ? ಐವತ್ತು ಹಾಸಿಗೆ ಹಾಕಿ, ಸೋಲಾರ್ ಹಾಕಿ, ದಿನಕ್ಕೆ ನಾಲ್ಕು ಬೋಟು ಬಿಡಿ. ಗೋವಾಕ್ಕೆ ಹೋಗುವ ಜನ ಇಲ್ಲೇ ನಿಲ್ಲುತ್ತಾರೆ. ನಮ್ಮ ಜಿಲ್ಲೆಯ ಹುಡುಗರು ಕೆಲಸಕ್ಕೆ ಬೆಂಗಳೂರು, ಗೋವಾ ಅಂತ ಓಡುವುದು ತಪ್ಪುತ್ತದೆ. ಏನು ಮಾಡಹೊರಟರೂ ಬೇಡ ಬೇಡ ಅನ್ನುತ್ತಾ ಕೂತರೆ ಊರು ಉದ್ಧಾರ ಆಗುವುದು ಯಾವಾಗ?

ನೀರು ನಿಲ್ಲಿಸಿ:

ಮಾವಿನಮರ ಅವರೇ, ನಿಮ್ಮ ಕಳಕಳಿ ಸರಿ ಇದೆ. ನನ್ನ ಕೆಲಸವೇ ಮಳೆನೀರು ಹಿಡಿಯುವ ಟಾಂಕಿ ಕಟ್ಟಿಸುವುದು. ಅದರ ಲೆಕ್ಕ ಇಡುತ್ತೇನೆ.

ಜಲಜೀವನ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಹಿಡಿಯುತ್ತಾರೆ. ಪೇಟೆಯ ಲೆಕ್ಕ 135. ಹಾಸ್ಟೆಲಿನವರಿಗೆ ಹಳ್ಳಿ ಲೆಕ್ಕವನ್ನೇ ಹಿಡಿಯೋಣ. ಐವತ್ತು ಬೇಡ, ಇಪ್ಪತ್ತೇ ಜನ ಅಂದುಕೊಳ್ಳಿ. ದಿನಕ್ಕೆ 1,100 ಲೀಟರ್. 20 ಲೀಟರಿನ ಕ್ಯಾನಿನಲ್ಲಿ ದಡದಿಂದ ಒಯ್ದರೆ ದಿನಾ 55 ಕ್ಯಾನು, ಒಂದು ಟನ್ನಿಗಿಂತ ಜಾಸ್ತಿ ತೂಕ. ಅದನ್ನು ಬೋಟಿಗೆ ಹತ್ತಿಸಬೇಕು, ಇಳಿಸಬೇಕು, ಬಂಡೆಗಳ ಮೇಲೆ ಹೊತ್ತು ಗುಡ್ಡ ಹತ್ತಿಸಬೇಕು. ಐವತ್ತು ಹಾಸಿಗೆ ಅಂದರೆ ಇದರ ಎರಡೂವರೆ ಪಟ್ಟು.

ಮಳೆನೀರು? ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. 100 ಚದರ ಮೀಟರ್ ಮಾಡಿನ ಮೇಲೆ 3 ಲಕ್ಷ ಲೀಟರ್ ಬೀಳುತ್ತದೆ. ಸೋರಿದ್ದು, ಮೊದಲ ಮಳೆಯ ಕೊಳಕು ನೀರು ಬಿಟ್ಟದ್ದು ಎಲ್ಲ ಕಳೆದರೆ 2.4 ಲಕ್ಷ ಕೈಗೆ ಹತ್ತಬಹುದು. ಇಪ್ಪತ್ತು ಜನಕ್ಕೆ ಅಕ್ಟೋಬರ್ ನಡುವಿನಿಂದ ಮೇ ಕೊನೆಯ ತನಕ ಬೇಕಾಗುವುದು ಎರಡೂವರೆ ಲಕ್ಷ. ಹತ್ತಿರ ಹತ್ತಿರ ಸರಿಹೋಯಿತು ಅಲ್ವಾ? ಆದರೆ ಆ ನೀರನ್ನು ಇಟ್ಟುಕೊಳ್ಳಲು 10 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಆಳದ ಟಾಂಕಿ ಬೇಕು. ಬಂಡೆಯ ದ್ವೀಪದಲ್ಲಿ ಅದನ್ನು ಕಟ್ಟುವ ಸಿಮೆಂಟು, ಕಬ್ಬಿಣ, ಮರಳು ಎಲ್ಲ ಬೋಟಿನಲ್ಲೇ ಬರಬೇಕು. ಕರಾವಳಿ ನಿಯಂತ್ರಣ ವಲಯದ ಪರವಾನಗಿ ಬೇರೆ. ಆಗುವುದೇ ಇಲ್ಲ ಅಂತಲ್ಲ. ಹತ್ತು ಹನ್ನೆರಡು ಹಾಸಿಗೆ, ಬಕೆಟ್ ಸ್ನಾನ, ಫ್ಲಶ್ ಬದಲು ಚೆಂಬು, ಅಷ್ಟಕ್ಕೆ ಒಪ್ಪಿದರೆ ಆಗುತ್ತದೆ. ಐವತ್ತು ಹಾಸಿಗೆಗೆ ಆಗುವುದಿಲ್ಲ.

ಹೊನ್ನಾವರ ಗೌರಿ:

ನೀರಿನ ಮಾತು ಬಂತಲ್ಲ, ಲಕ್ಷದ್ವೀಪದ್ದು ಸೇರಿಸುತ್ತೇನೆ. ನಾವು ಅಗತ್ತಿಯಲ್ಲಿ ಒಬ್ಬರ ಮನೆಯ ಕೋಣೆಗಳಲ್ಲಿ ಉಳಿದಿದ್ದೆವು. ಹಾಸ್ಟೆಲ್ ಅಂತ ಬೋರ್ಡ್ ಇಲ್ಲ, ಆದರೆ ನಡೆಯುವುದು ಹಾಗೇ. ಎಲ್ಲರಿಗೂ ಒಂದೇ ಅಂಗಳ, ಒಂದೇ ಊಟ. ಚೂರೆ ಮೀನಿನ ಪಲ್ಯ, ಕೊಬ್ಬರಿ ಹಾಕಿದ ಅನ್ನ.

ಲಕ್ಷದ್ವೀಪದಲ್ಲಿ 36 ದ್ವೀಪಗಳು, ಜನ ಇರುವುದು ಹತ್ತರಲ್ಲಿ. ಎಲ್ಲ ಸೇರಿಸಿದರೂ 32 ಚದರ ಕಿ.ಮೀ. ಹವಳದ ಮರಳು, ಆದ್ದರಿಂದ ಮಳೆನೀರು ಕೆಳಗೆ ಇಳಿದು ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಹಾಲಿನ ಮೇಲಿನ ಕೆನೆಯಷ್ಟೇ ಸೂಕ್ಷ್ಮ. ಬಾವಿಗೆ ದೊಡ್ಡ ಪಂಪು ಹಾಕಿ ಎಳೆದರೆ ಅಡಿಯ ಉಪ್ಪು ಮೇಲೆ ಬರುತ್ತದೆ, ಶೌಚದ ಗುಂಡಿ ಹತ್ತಿರ ಇದ್ದರೆ ಅದೂ ಸೇರುತ್ತದೆ. ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನೇ ಸಿಹಿ ಮಾಡುವ ಘಟಕ ಇದೆ. ಮೇಲಿನ ಬೆಚ್ಚಗಿನ ನೀರಿಗೂ ಆಳದ ತಣ್ಣನೆಯ ನೀರಿಗೂ ಇರುವ ವ್ಯತ್ಯಾಸದಿಂದಲೇ ಆವಿ ಮಾಡಿ ತಣಿಸುತ್ತಾರೆ. ದಿನಕ್ಕೆ 1 ಲಕ್ಷ ಲೀಟರ್ ಸಾಮರ್ಥ್ಯದ್ದು. ಒಂದು ಸರ್ಕಾರ ನಿಂತು ಮಾಡಬೇಕಾದ ಕೆಲಸ ಅದು, ಒಂದು ಹಾಸ್ಟೆಲಿನವರು ಮಾಡುವಂಥದ್ದಲ್ಲ.

ನಮಗೂ ಆ ದ್ವೀಪಗಳಿಗೂ ನಂಟು ಹಳೆಯದು. ಅಮಿನಿ, ಕಡಮತ, ಕಿಲ್ತಾನ, ಚೆತ್ಲತ್, ಬಿತ್ರಾ, ಇವೆಲ್ಲ 1956ರ ತನಕ ಮಂಗಳೂರಿನ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿ ಅನ್ನುವ ಸರಕಿನ ಹಡಗುಗಳಲ್ಲಿ ತರಕಾರಿ, ಜಲ್ಲಿ, ಸಿಮೆಂಟು ಹೋಗುತ್ತದೆ.

ಸಂಪಿಗೆ, ಮುಂದೆ ಯಾವತ್ತಾದರೂ ಅಲ್ಲಿಗೂ ಹೋಗಿ. ಪರವಾನಗಿ ಮೊದಲೇ ಮಾಡಿಸಬೇಕು, ಕೊಚ್ಚಿಯಿಂದ ಹಡಗು ಅಥವಾ ಅಗತ್ತಿಗೆ ಸಣ್ಣ ವಿಮಾನ. ಹಡಗಿನ ಟಿಕೆಟ್ ಸಿಗುವುದೇ ಕಷ್ಟ, ಆದ್ದರಿಂದ ತಿಂಗಳು ಮುಂಚೆ ಶುರು ಮಾಡಿ.

ಅಂಕೋಲಾ ಮಾವಿನಮರ:

ಲೆಕ್ಕ ಒಪ್ಪಿದೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಹತ್ತು ಹಾಸಿಗೆಯ ಹಾಸ್ಟೆಲಿನಿಂದ ಎಷ್ಟು ಮನೆಯ ಒಲೆ ಉರಿಯುತ್ತದೆ? ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ಯಾಂತ್ರಿಕ ಬೋಟಿಗೆ ಮೀನುಗಾರಿಕೆ ಬಂದ್, 61 ದಿನ. ಆ ಹೊತ್ತಿಗೆ ದ್ವೀಪದ ಹಾಸ್ಟೆಲೂ ಬಂದ್, ಅಲ್ವಾ? ಅಂದ ಮೇಲೆ ಮೀನುಗಾರನಿಗೆ ಏನು ಸಿಕ್ಕಿತು?

ಕೋಡಿಬಾಗದ ಅಳಿವೆ:

ಅಣ್ಣಾ, ಇದು ನಮ್ಮ ಮನೆಯ ಪ್ರಶ್ನೆ, ಹಾಗಾಗಿ ನಾನೇ ಉತ್ತರ ಹೇಳಬೇಕು.

ಮಳೆಗಾಲದಲ್ಲಿ ದ್ವೀಪಕ್ಕೆ ಯಾರೂ ಹೋಗಬಾರದು, ಅದು ಖಚಿತ. ಆ ಕಡಲನ್ನು ಬಂದರಿನ ಗೋಡೆಯ ಮೇಲೆ ನಿಂತು ನೋಡಿದರೂ ಎದೆ ನಡುಗುತ್ತದೆ. ಆದರೆ ಅಕ್ಟೋಬರಿನಿಂದ ಮೇ ತನಕ ಏನಾಗುತ್ತಿದೆ ನೋಡಿ. ನಾಡದೋಣಿಯವರಿಗೆ ಮೀನು ಸಿಗದ ದಿನಗಳು ಜಾಸ್ತಿಯಾಗಿವೆ. ಡೀಸೆಲ್ಲಿಗೆ ಹಾಕಿದ ದುಡ್ಡು ಬಾರದೆ ದೋಣಿ ದಡಕ್ಕೆ ಎಳೆದಿಟ್ಟವರಿದ್ದಾರೆ. ಅವರಿಗೆ ಈ ಕಡಲಿನ ಒಂದೊಂದು ಬಂಡೆಯೂ ಗೊತ್ತು. ಯಾವ ಗಾಳಿಗೆ ಯಾವ ಕಡೆ ದೋಣಿ ತಾಗಿಸಬೇಕು, ಎಲ್ಲಿ ನೀರಿನಡಿ ಕಲ್ಲು ಇದೆ, ಎಲ್ಲ. ಆ ತಿಳಿವಳಿಕೆಗೆ ಕೂಲಿ ಸಿಗಬೇಕು ಅನ್ನುವುದು ನನ್ನ ಮಾತು.

ಹೊರಗಿನವರು ಬಂದು ಐವತ್ತು ಹಾಸಿಗೆ ಹಾಕಿದರೆ ನಮ್ಮ ಹುಡುಗರಿಗೆ ಸಿಗುವುದು ಪಾತ್ರೆ ತೊಳೆಯುವ ಕೆಲಸ, ಬ್ಯಾಗು ಹೊರುವ ಕೆಲಸ. ಅದರ ಬದಲು ಹತ್ತು ಹಾಸಿಗೆಯದು ನಾಲ್ಕು ಮೀನುಗಾರ ಕುಟುಂಬದವರದೇ ಆಗಿರಲಿ. ಬೋಟು ಅವರದು, ಅಡುಗೆ ಅವರ ಮನೆಯ ಹೆಂಗಸರದು, ಇವತ್ತು ಕಡಲಿಗೆ ಇಳಿಯುವುದೋ ಬೇಡವೋ ಅನ್ನುವ ತೀರ್ಮಾನವೂ ಅವರದೇ. ಬೋಟು ನಡೆಸುವವನೇ ಹಾಸ್ಟೆಲಿನ ಮಾಲೀಕನಾದರೆ "ಇವತ್ತು ಬೇಡ" ಅನ್ನಲು ಅವನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಬೇರೆಯವರ ಕೈಕೆಳಗೆ ದಿನಗೂಲಿಗೆ ಇದ್ದರೆ ಮೇಲಿನವರು ಹೇಳಿದರೆಂದು ಹೊರಟೇಬಿಡುತ್ತಾನೆ. ಅನಾಹುತ ಆಗುವುದು ಅಲ್ಲೇ.

ಗ್ಲಾಸ್ಗೋದ ಅಣ್ಣ ಹೇಳಿದ ದ್ವೀಪದಲ್ಲೂ ಜನ ತಾವೇ ಕೊಂಡ ಮೇಲೆ ತಾವೇ ಕಟ್ಟಳೆ ಮಾಡಿಕೊಂಡರಲ್ಲ. ನಮ್ಮಲ್ಲಿ ದ್ವೀಪ ಕೊಳ್ಳುವುದು ಆಗದ ಮಾತು. ದಡದಲ್ಲಾದರೂ ಶುರು ಮಾಡಬಹುದು. ದೇವಬಾಗ, ಮಾಜಾಳಿ ಕಡೆ ಮೀನುಗಾರರ ಮನೆಗಳಲ್ಲೇ ನಾಲ್ಕಾರು ಮಂಚ ಹಾಕಿ ಹಾಸ್ಟೆಲ್ ಥರ ಮಾಡಿ, ದ್ವೀಪಕ್ಕೆ ಹಗಲು ಕರೆದುಕೊಂಡು ಹೋಗಿ ಬನ್ನಿ. ಕಸ, ಶೌಚ, ನೀರು ಯಾವುದೂ ದ್ವೀಪದ ತಲೆಗೆ ಬೀಳುವುದಿಲ್ಲ.

ಸಿದ್ದಾಪುರದಿಂದ ಗ್ಲಾಸ್ಗೋ:

ಅಳಿವೆಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಐಗ್‌ನಲ್ಲಿ ಫೆರಿ ರದ್ದಾದ ದಿನ ಯಾರೂ ಕೂಗಾಡಲಿಲ್ಲ. ಇನ್ನೊಂದು ರಾತ್ರಿ ಉಳಿಯಬೇಕಾಯಿತು ಅಂತ ಗೊತ್ತಾದ ಕೂಡಲೇ ಹಾಸ್ಟೆಲಿನವರು ಹಾಸಿಗೆ ಇದೆಯಾ ಅಂತ ನೋಡಿ ಹೇಳಿದರು, ಅಷ್ಟೇ. ಅಲ್ಲಿಗೆ ಹೋಗುವವರು ಮುಂದಿನ ದಿನದ ರೈಲು, ವಿಮಾನ ಕಟ್ಟಿಕೊಂಡು ಹೋಗುವುದಿಲ್ಲ. ಕಾರವಾರಕ್ಕೆ ಬರುವವರೂ ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಬರಬೇಕು.

ಅಘನಾಶಿನಿ ದಡ:

ಇನ್ನೊಂದು ವಿಷಯ. ಚಳಿಗಾಲದಲ್ಲಿ ನಮ್ಮ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ದೇವಬಾಗ, ಮಾಜಾಳಿ ಕಡೆಯೂ ಗೂಡುಗಳು ಸಿಗುತ್ತವೆ, ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುತ್ತಾರೆ. ಮರಿಗಳು ಹೊರಬಂದ ಮೇಲೆ ಬೆಳಕು ಇರುವ ಕಡೆಗೆ ಓಡುತ್ತವೆ. ಕಡಲಿನ ಮೇಲಿನ ಮಸುಕು ಬೆಳಕೇ ಅವುಗಳಿಗೆ ದಾರಿ. ದಡದಲ್ಲಿ ದೊಡ್ಡ ಲೈಟು, ಕ್ಯಾಂಪ್ ಫೈರ್ ಇದ್ದರೆ ಉಲ್ಟಾ ತಿರುಗಿ ರಸ್ತೆ ಕಡೆ ಹೋಗಿ ಸಾಯುತ್ತವೆ. ಆದ್ದರಿಂದ ಮರಳಿನ ಮೇಲೆ ಬೆಂಕಿ ಹಾಕಬೇಡಿ, ಟಾರ್ಚನ್ನೂ ನೆಲಕ್ಕೆ ಹಿಡಿದು ನಡೆಯಿರಿ. ಹಾಸ್ಟೆಲಿನವರು "ಬೀಚಿನಲ್ಲಿ ಫೈರ್ ಮಾಡಿಕೊಡುತ್ತೇವೆ" ಅಂದರೂ ಬೇಡ ಅನ್ನಿ.

ಬೆಳಕು ಇಲ್ಲದಿದ್ದರೆ ನಿಮಗೇ ಲಾಭ. ಕೆಲವು ರಾತ್ರಿ ಅಲೆ ಒಡೆಯುವ ಕಡೆ ನೀಲಿ ಹೊಳಪು ಕಾಣುತ್ತದೆ. ನಾಕ್ಟಿಲುಕಾ ಅನ್ನುವ ಸೂಕ್ಷ್ಮ ಜೀವಿಗಳದು. ಕೈಯಿಂದ ನೀರು ಕಲಕಿದರೆ ಬೆರಳ ಸಂದಿಯಲ್ಲಿ ಮಿನುಗಿ ಆರಿಹೋಗುತ್ತದೆ. ಪ್ರತಿ ರಾತ್ರಿ ಬರುವಂಥದ್ದಲ್ಲ, ಬಂದರೆ ನೋಡುವ ಭಾಗ್ಯ.

ಶಿರಸಿ ಸಂಪಿಗೆ:

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ಗೆಳತಿಯರಿಗೆಲ್ಲ ಓದಿ ಹೇಳಿದೆ. 55 ಕ್ಯಾನಿನ ಲೆಕ್ಕ ಕೇಳಿ ಎಲ್ಲರೂ ಸುಮ್ಮನಾದರು. ಮಲೆನಾಡಿನಲ್ಲಿ ಬೆಳೆದ ನಮಗೆ ಬಚ್ಚಲಿನಲ್ಲಿ ಹಂಡೆ ತುಂಬಾ ನೀರು ಇದ್ದೇ ಅಭ್ಯಾಸ, ನೀರು ಬೋಟಿನಲ್ಲಿ ಬರುತ್ತದೆ ಅನ್ನುವುದು ಯಾರ ಮನಸ್ಸಿಗೂ ಬಂದಿರಲಿಲ್ಲ.

ಹೀಗೆ ಅಂದುಕೊಂಡಿದ್ದೇವೆ. ಜಾತ್ರೆಯ ವಾರ ಬಿಟ್ಟು ಅದರ ಮುಂದಿನ ವಾರ ಬರುತ್ತೇವೆ. ರಾತ್ರಿ ದೇವಬಾಗದ ಕಡೆ ಮನೆಯ ಥರದ ಜಾಗದಲ್ಲಿ ಉಳಿಯುತ್ತೇವೆ, ಬೆಳಗ್ಗೆ ಕೂರ್ಮಗಡಕ್ಕೆ ಹೋಗಿ ದೇವರ ದರ್ಶನ ಮಾಡಿ ಬಿಸಿಲೇರುವ ಮುಂಚೆ ವಾಪಸ್. ದ್ವೀಪದಲ್ಲಿ ಉಳಿಯುವ ವ್ಯವಸ್ಥೆ ನಿಜವಾಗಿ ನಡೆಯುತ್ತಿದೆ, ಬೋಟು ರಾತ್ರಿ ಅಲ್ಲೇ ಇರುತ್ತದೆ ಅಂತ ಖಾತ್ರಿಯಾದರೆ ಮಾತ್ರ ಒಂದು ರಾತ್ರಿ ಅಲ್ಲಿ. ವಾಪಸ್ ಹೋಗಲು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೇವೆ. ಊಟ ಹೇಗೆ ಮಾಡುವುದು? ನಮ್ಮಲ್ಲಿ ಅರ್ಧ ಜನ ಮೀನು ತಿನ್ನುವುದಿಲ್ಲ.

ಹೊನ್ನಾವರ ಗೌರಿ:

ಅದಕ್ಕೇನು ಚಿಂತೆ ಇಲ್ಲ. ಮೀನು ಮಾಡುವ ಮನೆಯಲ್ಲೂ ಕೇಳಿದರೆ ಬೇರೆ ಪಾತ್ರೆಯಲ್ಲಿ ಅನ್ನ, ಕೋಕಂ ಸಾರು, ಬಸಳೆ ಪಲ್ಯ ಮಾಡಿಕೊಡುತ್ತಾರೆ. ಮೊದಲೇ ಹೇಳಿಡಿ. ಅವಲಕ್ಕಿ, ಬೆಲ್ಲ, ತೊಡದೇವು, ಹಪ್ಪಳ ನಿಮ್ಮ ಕಡೆಯಿಂದ ತನ್ನಿ, ಬೋಟು ತಡವಾದರೆ ಹೊಟ್ಟೆಗೆ ಆಗುತ್ತದೆ. ಎಲ್ಲವನ್ನೂ ಸ್ಟೀಲ್ ಡಬ್ಬಿಯಲ್ಲಿ ತಂದರೆ ವಾಪಸ್ ಒಯ್ಯುವ ಪ್ಲಾಸ್ಟಿಕ್ಕೇ ಇರುವುದಿಲ್ಲ.

ನೀರು ನಿಲ್ಲಿಸಿ:

ದ್ವೀಪದಲ್ಲಿ ರಾತ್ರಿ ಉಳಿಯುವುದಾದರೆ ಕುಡಿಯುವ ನೀರು ತಲೆಗೆ ನಾಲ್ಕು ಲೀಟರ್ ನಿಮ್ಮದೇ ಇರಲಿ. ಜನವರಿ ಆದರೂ ಗುಡ್ಡ ಹತ್ತುವಾಗ ಬೆವರುತ್ತದೆ.

ಕೋಡಿಬಾಗದ ಅಳಿವೆ:

ಯೋಜನೆ ಚೆನ್ನಾಗಿದೆ ಅಕ್ಕಾ. ಹೈದರಾಬಾದಿನ ಇನ್‌ಕಾಯ್ಸ್‌ನವರು ಕಡಲ ಅಲೆಯ ಎಚ್ಚರಿಕೆ ಕೊಡುತ್ತಾರೆ, ಹಿಂದಿನ ದಿನ ಅದನ್ನು ನೋಡಿ. ಕಡಲಿನಲ್ಲಿ ಏನಾದರೂ ತೊಂದರೆ ಆದರೆ ಕೋಸ್ಟ್ ಗಾರ್ಡಿನ ಸಹಾಯವಾಣಿ 1554, ಎಂಟೂ ಜನರ ಫೋನಿನಲ್ಲಿ ಇರಲಿ. ಫೋನನ್ನು ನೀರು ತಾಗದ ಚೀಲದಲ್ಲಿ ಹಾಕಿ ಕುತ್ತಿಗೆಗೆ ಕಟ್ಟಿಕೊಳ್ಳಿ. ಲೈಫ್ ಜಾಕೆಟ್ ಹಾಕಿಕೊಂಡರೆ ಸಾಲದು, ಪಟ್ಟಿ ಬಿಗಿದು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯ ತನಕ ಬಂದರೆ ಸಡಿಲ ಇದೆ ಅಂತ ಅರ್ಥ, ಬೇರೆ ಕೇಳಿ.

ಹೊರಡುವ ಹಿಂದಿನ ಸಂಜೆ ಇಲ್ಲೇ ಒಂದು ಸಾಲು ಹಾಕಿ. ಗಾಳಿ ಹೇಗಿದೆ, ಭರತ ಎಷ್ಟು ಹೊತ್ತಿಗೆ ಅಂತ ಬಂದರಿನಲ್ಲಿ ಕೇಳಿ ಹೇಳುತ್ತೇನೆ. "ನಾಳೆ ಬೇಡ" ಅಂದರೆ ಮಾತ್ರ ದಯವಿಟ್ಟು ಕೇಳಬೇಕು.

ಶಿರಸಿ ಸಂಪಿಗೆ:

ಖಂಡಿತ ತಮ್ಮಾ. ಬೇಡ ಅಂದರೆ ಅವತ್ತು ದಡದಲ್ಲೇ ಇರುತ್ತೇವೆ.